ಗ್ರಹಣದ ದಿನ ಹಕ್ಕಿ ನೋಡಲು ಹೊರಟರೆ

2019ರ ಡಿಸೆಂಬರ್ 26ರ ಬೆಳಿಗ್ಗೆ ನಾವು ಒಂಬತ್ತು ಜನ ಜಕ್ಕೂರು ಕೆರೆ ದಡದಲ್ಲಿ ನಿಂತಿದ್ದೆವು. ಅವತ್ತು ಕಂಕಣ ಸೂರ್ಯಗ್ರಹಣ, ಅಂದರೆ ಸೂರ್ಯ ಬಳೆಯ ಹಾಗೆ ಕಾಣುವಂಥದ್ದು. ಬೆಂಗಳೂರಿಗೆ ಪೂರ್ತಿ ಕಂಕಣ ಸಿಗಲಿಲ್ಲ. ಆದರೂ ಒಂಬತ್ತೂವರೆ ಹೊತ್ತಿಗೆ ಸೂರ್ಯ ಹೆಚ್ಚುಕಡಿಮೆ ಮುಚ್ಚಿಹೋಗಿದ್ದ. ಬಿಸಿಲಿದ್ದೂ ಮಂಕು, ಮೈಗೆ ತಣ್ಣಗೆ. ಆಗ ಗೊರವಂಕಗಳು ಸಂಜೆ ಮರ ಸೇರುವಾಗಿನ ಹಾಗೆ ಗದ್ದಲ ಶುರು ಮಾಡಿದವು. ರಾತ್ರಿ ಅಂದ್ಕೊಂಡ್ವು ಅಂತ ನಮಗೆಲ್ಲ ಖುಷಿಯೋ ಖುಷಿ. ಆಮೇಲೆ ಗುಂಪಲ್ಲಿ ಒಬ್ಬರು ಕೇಳಿದರು: ದಿನಾ ಈ ಹೊತ್ತಿಗೆ ಇವು ಏನು ಮಾಡುತ್ತವೆ? ಯಾರ ಹತ್ತಿರವೂ ಉತ್ತರ ಇರಲಿಲ್ಲ. ಮೇಲೆ ಹದ್ದೊಂದು ಬೇರೆ ಸುತ್ತುತ್ತಿತ್ತು, ಗದ್ದಲ ಅದಕ್ಕೂ ಇರಬಹುದು ಅಲ್ವಾ?

ಹಾಗಾಗಿ ಮೊದಲ ಕೆಲಸ: ಹಿಂದಿನ ದಿನ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ನಿಂತು ಬರೆದುಕೊಳ್ಳಿ. ಹತ್ತು ನಿಮಿಷಕ್ಕೊಮ್ಮೆ ಒಂದು ಸಾಲು ಸಾಕು. ಎಷ್ಟು ಬೆಳ್ಳಕ್ಕಿ ಮರದ ಕಡೆ ಹೊರಟವು, ನೀರುಕಾಗೆಗಳು ಮುಳುಗುತ್ತಿವೆಯೋ ರೆಕ್ಕೆ ಹರಡಿ ಕೂತಿವೆಯೋ, ಇಷ್ಟೇ. ಎಲ್ಲ ಹಕ್ಕಿ ಹಿಡಿಯಲು ಹೋದರೆ ಯಾವುದೂ ಸಿಗುವುದಿಲ್ಲ.

2027ರ ಆಗಸ್ಟ್ 2ರ ಗ್ರಹಣಕ್ಕೆ ಇದು ಇನ್ನೂ ಮುಖ್ಯ. ಈಜಿಪ್ಟಿನ ಲಕ್ಸರ್‌ನಲ್ಲಿ ಆರು ನಿಮಿಷಕ್ಕೂ ಜಾಸ್ತಿ ಪೂರ್ತಿ ಕತ್ತಲು, ನಮಗೆ ಬರೀ ಪಾರ್ಶ್ವ ಗ್ರಹಣ. ಅದೂ ಇಳಿಹೊತ್ತಿನಲ್ಲಿ. ಹಕ್ಕಿಗಳು ಹೇಗೂ ಗೂಡಿನ ದಾರಿ ಹಿಡಿಯುವ ಸಮಯ! ಹಿಂದಿನ ದಿನದ ಲೆಕ್ಕ ಇಲ್ಲದಿದ್ದರೆ ಸುಮ್ನೆ ಕಥೆ ಕಟ್ಟುತ್ತೀರಿ. ಅದೃಷ್ಟಕ್ಕೆ 1ನೇ ತಾರೀಕು ಭಾನುವಾರ. ಸೋಮವಾರಕ್ಕೆ ಅರ್ಧ ದಿನದ ರಜೆ ಈಗಲೇ ಹೇಳಿಡಿ. ಹಿಡಿಯುವ, ಬಿಡುವ ಸಮಯವನ್ನು ನೆಹರೂ ತಾರಾಲಯದಲ್ಲಿ ವಿಚಾರಿಸಿ. ಸೂರ್ಯ ಪಶ್ಚಿಮಕ್ಕಿರುತ್ತಾನೆ, ಕೆರೆಯ ಪಶ್ಚಿಮ ದಡ ಹಿಡಿಯಿರಿ. ಆಗಸ್ಟ್ ಮೋಡಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಬೈನಾಕ್ಯುಲರ್ ವಿಷಯದಲ್ಲಿ ಮಾತ್ರ ನಾನು ಮಿಲಿಟರಿ. ಹದ್ದನ್ನು ಹಿಂಬಾಲಿಸುತ್ತಾ ಹೋದರೆ ಅದು ನೇರ ಸೂರ್ಯನ ಮುಂದೆ ತಂದು ನಿಲ್ಲಿಸುತ್ತದೆ. ಒಂದೇ ಕ್ಷಣ ಸಾಕು, ಕಣ್ಣು ಹೋಗುತ್ತದೆ. ಗ್ರಹಣದ ಕನ್ನಡಕ ಹಾಕಿಕೊಂಡು ಬೈನಾಕ್ಯುಲರ್‌ನಲ್ಲಿ ನೋಡುವುದು ಇನ್ನೂ ದಡ್ಡತನ, ಆ ಬಿಸಿಗೆ ಕನ್ನಡಕವೇ ಸುಟ್ಟುಹೋಗುತ್ತದೆ. ಗುಂಪನ್ನು ಎರಡು ಮಾಡಿ. ಹಕ್ಕಿ ನೋಡುವವರು ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಲಿ, ಸೂರ್ಯನನ್ನು ನೋಡುವವರ ಕೊರಳಲ್ಲಿ ಬೈನಾಕ್ಯುಲರ್ ಇರಬಾರದು. ಅರ್ಧ ಗಂಟೆಗೊಮ್ಮೆ ಪಾಳಿ ಬದಲಿಸಿ. ಕನ್ನಡಕ ಐಎಸ್‌ಒ 12312-2 ಅನ್ನುವ ಸುರಕ್ಷತೆಯ ಗುರುತಿನದ್ದಾಗಿರಲಿ. ಎಕ್ಸ್‌ರೇ ಫಿಲಂ ತಂದವರ ಕೈಯಿಂದ ಕಿತ್ತುಕೊಳ್ಳಿ.

ಮಕ್ಕಳಿದ್ದರೆ ಅಡುಗೆಮನೆಯಿಂದ ಬೂಂದಿ ಝಾರ ತನ್ನಿ. ಆವತ್ತು ನಾನು ಬಿಳಿ ರಟ್ಟಿನ ಮೇಲೆ ಅದರ ನೆರಳು ಬೀಳಿಸಿದೆ. ತೂತಿಗೊಂದರಂತೆ ಕುಡುಗೋಲಿನ ಆಕಾರದ ಸೂರ್ಯ, ಒಟ್ಟು ನೂರಾರು. ಹೊಂಗೆ ಮರದ ಕೆಳಗೂ ಹಾಗೇ, ಎಲೆ ಸಂದಿಯಿಂದ ಬಿದ್ದ ಬಿಸಿಲಿನ ಚುಕ್ಕಿಗಳೆಲ್ಲ ಬಾಗಿದ್ದವು.

ತಿಂಡಿ ಬಗ್ಗೆ ಮೊದಲೇ ಕೇಳಿಬಿಡಿ. ಗ್ರಹಣದಲ್ಲಿ ತಿನ್ನದವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ವಾದ ಬೇಡ. ನಮ್ಮ ಪಕ್ಕದ ಮನೆ ಆಂಟಿ ಚಿತ್ರಾನ್ನದ ಡಬ್ಬಿ ತಾವೇ ಹೊತ್ತು ತಂದಿದ್ದರು, ಅದಕ್ಕೆ ದರ್ಭೆ ಬೇರೆ ಹಾಕಿದ್ದರು. ಬಿಡುವವರೆಗೂ ಮುಟ್ಟಲಿಲ್ಲ, ನಮಗೂ ಮುಟ್ಟಗೊಡಲಿಲ್ಲ. ಗುಳುಮುಳುಕ ಹಕ್ಕಿ ಎಷ್ಟು ಸಲ ನೀರಲ್ಲಿ ಮುಳುಗಿತು ಅಂತ ಕೊನೆಯವರೆಗೂ ಸರಿಯಾಗಿ ಎಣಿಸಿದವರು ಅವರೊಬ್ಬರೇ.