ಒಣ ಹೊಯಿಗೆ ದಾಟಿ ನೀರಿನವರೆಗೆ: ನನ್ನ ಅನುಭವ

ಪಡುಬಿದ್ರಿಯ ಸಮೀಪ ಕಡಲಿಗೆ ಮುಖ ಮಾಡಿದ ಚಿಕ್ಕ ರೆಸಾರ್ಟೊಂದನ್ನು ನಡೆಸುವ ನನಗೆ, ವಯಸ್ಸಾದ ಅತಿಥಿಗಳು ಜಗಲಿಯಿಂದಲೇ ಕಡಲು ನೋಡಿ ಊರಿಗೆ ಮರಳುವುದು ಬಹುಕಾಲ ಮನಸ್ಸನ್ನು ಕೊರೆಯುತ್ತಿತ್ತು. ಗೇಟಿನಿಂದ ಒದ್ದೆ ಮರಳಿನವರೆಗಿನ ಒಣ ಹೊಯಿಗೆಯೇ ಅವರಿಗೆ ತೊಡಕು. ಊರಿದ ಕೋಲು ಹೂತುಹೋಗುತ್ತದೆ, ಮಂಡಿನೋವಿನವರಿಗೆ ಹೆಜ್ಜೆ ಕೀಳುವುದೇ ಕಷ್ಟ.

ಕರಾವಳಿ ನಿಯಂತ್ರಣ ವಲಯದ ನಿಯಮಗಳಿರುವುದರಿಂದ ಕಾಂಕ್ರೀಟ್ ದಾರಿಯ ಯೋಚನೆಗೇ ಹೋಗದೆ, ಬೆಳಗ್ಗೆ ಹಾಸಿ ಸಂಜೆ ಸುತ್ತಿಡಬಹುದಾದ ದಪ್ಪ ತೆಂಗಿನ ನಾರಿನ ಚಾಪೆಗಳನ್ನು ಆರಿಸಿಕೊಂಡೆ. ಅಂಚು ಮೇಲೆದ್ದರೆ ಕಾಲು ಎಡವುವುದರಿಂದ ಎರಡೂ ಬದಿಯಲ್ಲಿ ಮರಳು ತೋಡಿ ಅದನ್ನು ಹೂಳುತ್ತೇವೆ. ಚಾಪೆ ಮುಗಿದಲ್ಲಿಂದ ಸಾಮಾನ್ಯ ಗಾಲಿಕುರ್ಚಿಯನ್ನು ಹಿಮ್ಮುಖವಾಗಿ ಎಳೆಯಬೇಕು. ಮುಂದಕ್ಕೆ ತಳ್ಳಿದರೆ ಮುಂದಿನ ಸಣ್ಣ ಗಾಲಿಗಳು ಮರಳನ್ನು ಅಗೆದುಕೊಂಡು ನಿಂತುಬಿಡುತ್ತವೆ. ನೀರಿನಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಇಟ್ಟರೆ, ಹಿಂದೆ ಸರಿಯುವ ಪ್ರತಿ ಅಲೆಯೂ ಅದರ ಕಾಲಿನಡಿಯ ಮರಳನ್ನು ಕದ್ದು ಕುರ್ಚಿಯನ್ನು ವಾಲಿಸುವುದರಿಂದ, ನಾಲ್ಕೂ ಕಾಲುಗಳನ್ನು ಅಗಲವಾದ ಒಂದೇ ಹಲಗೆಗೆ ಬಿಗಿದಿದ್ದೇವೆ. ಆದರೂ ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು.

ಸ್ವಚ್ಛತೆ, ಸುರಕ್ಷತೆ, ಸೌಕರ್ಯಗಳನ್ನು ನೋಡಿ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆಯನ್ನು 2020ರಲ್ಲಿ ಪಡೆದ ಪಡುಬಿದ್ರಿ ಕಿನಾರೆ ಹತ್ತಿರದಲ್ಲೇ ಇದೆ. ಸೌಕರ್ಯ ಹೆಚ್ಚು ಬೇಕಾದವರನ್ನು ಅಲ್ಲಿಗೇ ಕಳುಹಿಸಲು ನನಗೆ ಸಂಕೋಚವಿಲ್ಲ.

ಚಾಪೆಗಿಂತ ಹೆಚ್ಚು ನೆರವಾದದ್ದು ಹೊತ್ತಿನ ಲೆಕ್ಕ. ಇಳಿತದಲ್ಲಿ ತೆರೆದುಕೊಳ್ಳುವ ಗಟ್ಟಿ ಮರಳಿನ ಮೇಲೆ ಹಿರಿಯರು ನಿರಾಯಾಸವಾಗಿ ನಡೆಯುತ್ತಾರೆ. ಆ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆಯಾದ್ದರಿಂದ ಪ್ರತಿದಿನ ಹಲಗೆಯ ಮೇಲೆ ಬರೆದಿಡುತ್ತೇವೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರಿನ ಏರಿಳಿತ ಹೆಚ್ಚು; ಅಷ್ಟಮಿಯ ಹೊತ್ತಿಗೆ ಅದು ತಗ್ಗುತ್ತದೆ.

ಮಕ್ಕಳ ವಿಷಯದಲ್ಲಿ ನಾನು ಸ್ವಲ್ಪ ನಿಷ್ಠುರ. ಗಾಳಿ ತುಂಬಿದ ಟ್ಯೂಬುಗಳನ್ನು ಗೇಟಿನಲ್ಲೇ ಇಡಿಸುತ್ತೇನೆ, ಏಕೆಂದರೆ ಬೆಳಗಿನ ಗಾಳಿ ನೆಲದಿಂದ ಕಡಲಿನತ್ತ ಬೀಸುತ್ತದೆ. ಅಕ್ಕಪಕ್ಕದಲ್ಲಿ ಅಲೆ ಒಡೆಯುತ್ತಿದ್ದರೂ ನಡುವೆ ಶಾಂತವಾಗಿ ಕಾಣುವ ಜಾಗವನ್ನೇ ತಂದೆತಾಯಂದಿರು ಮಕ್ಕಳಿಗೆಂದು ಆರಿಸುತ್ತಾರೆ. ದಡಕ್ಕೆ ಬಂದ ನೀರು ಆಳಕ್ಕೆ ಸೆಳೆದುಕೊಂಡು ಹೋಗುವುದು ಹೆಚ್ಚಾಗಿ ಅಲ್ಲಿಂದಲೇ. ಆದ್ದರಿಂದ ಕಡಲನ್ನು ಬಲ್ಲ ಮೀನುಗಾರರೊಬ್ಬರು ಬೆಳಗ್ಗೆ ನೋಡಿ ಹೇಳಿದ ಜಾಗದಲ್ಲಿ ಮಾತ್ರ, ಅದೂ ಮೊಣಕಾಲಿನವರೆಗಿನ ನೀರಿನಲ್ಲಿ, ದೊಡ್ಡವರೊಬ್ಬರು ಕಡಲಿನ ಬದಿಗೆ ನಿಂತಿದ್ದರೆ ಮಕ್ಕಳನ್ನು ಬಿಡುತ್ತೇವೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಾಪೆ ಹಾಸುವುದಿಲ್ಲ. ಮಳೆಗಾಲದಲ್ಲಿ ಯಾರನ್ನೂ ನೀರಿಗೆ ಇಳಿಸುವುದಿಲ್ಲವೆಂದು ಬುಕಿಂಗ್ ಕೇಳುವವರಿಗೆ ಫೋನಿನಲ್ಲೇ ಹೇಳಿಬಿಡುತ್ತೇನೆ.