ಡೇಟ್ ತಪ್ಪಿತೇ? ಮೊದಲು ಕ್ಯಾಲೆಂಡರ್ ತೆಗೆಯಿರಿ

ಪಿಯುಸಿ ಪರೀಕ್ಷೆ ಹತ್ತಿರ ಬಂತೆಂದರೆ ಹಾಸ್ಟೆಲ್ ರೂಮುಗಳಲ್ಲಿ ಪಿಸುಮಾತು ಶುರು: ‘ಎರಡು ತಿಂಗಳಿಂದ ಮುಟ್ಟೇ ಆಗಿಲ್ಲ ಕಣೇ.’ ಗಾಬರಿ ಆಮೇಲೆ, ಲೆಕ್ಕ ಮೊದಲು.

ಹೆಚ್ಚಿನವರು ಎಡವುವುದು ಲೆಕ್ಕದಲ್ಲೇ. ಮುಟ್ಟು ನಿಂತ ದಿನದಿಂದ ಎಣಿಸುತ್ತಾರೆ. ಎಣಿಸಬೇಕಾದ್ದು ಶುರುವಾದ ದಿನದಿಂದ. ಜೂನ್ 3ಕ್ಕೆ ಆಗಿ, ಮತ್ತೆ ಜುಲೈ 9ಕ್ಕೆ ಆದರೆ 36 ದಿನ. ದೊಡ್ಡವರಿಗೆ 21ರಿಂದ 35 ದಿನ ಸರಿ; ಮೈನೆರೆದ ಮೊದಲ ಕೆಲವು ವರ್ಷ 45 ದಿನವಾದರೂ ಚಿಂತೆಯಿಲ್ಲ. ಇದಕ್ಕೆ ಆ್ಯಪ್ ಬೇಕೆಂದೇನಿಲ್ಲ, ಅಮ್ಮ ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರ್ ಸಾಕು. ತಾರೀಖಿಗೆ ಸೊನ್ನೆ ಸುತ್ತಿ, ಪಕ್ಕದಲ್ಲಿ ಎಷ್ಟು ಗಂಟೆ ಮಲಗಿದಿರಿ, ತಿಂಡಿ ತಿಂದಿರೋ ಬಿಟ್ಟಿರೋ ಬರೆಯಿರಿ. ತೂಕ ತಿಂಗಳಿಗೊಮ್ಮೆ ಸಾಕು. ದಿನಾ ತೂಗಿದರೆ ಅದೇ ಇನ್ನೊಂದು ಟೆನ್ಷನ್.

ಮೂರು ತಿಂಗಳಾದ ಮೇಲೆ ಪುಟ ಮಗುಚಿ ನೋಡಿ: ಡೇಟ್ ತಪ್ಪಿದಾಗ ನಿದ್ದೆ, ಊಟ, ತೂಕ ಹೇಗಿತ್ತು? ಮುಟ್ಟಿನ ಲಗಾಮು ಇರುವುದು ಮೆದುಳಿನ ಹೈಪೊಥಲಾಮಸ್ ಕೈಯಲ್ಲಿ. ಅದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಗೆ ಹೇಳಬೇಕು, ಪಿಟ್ಯುಟರಿ ಅಂಡಾಶಯಕ್ಕೆ. ನಿದ್ದೆಗೆಟ್ಟು, ಊಟ ಬಿಟ್ಟು, ಬರೀ ಕಾಫಿಯ ಮೇಲೆ ಓದುವವಳ ಮೈಯಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸೋಲ್ ಏರುತ್ತದೆ. ಕೊಬ್ಬು ಕರಗಿದಂತೆ ಮೈಯಲ್ಲಿ ಕೊಬ್ಬಿದೆ ಎಂದು ಮೆದುಳಿಗೆ ತಿಳಿಸುವ ಲೆಪ್ಟಿನ್ ಹಾರ್ಮೋನು ಇಳಿಯುತ್ತದೆ. ಬರಗಾಲ ಬಂತೆಂದುಕೊಂಡು ಹೈಪೊಥಲಾಮಸ್ ಸುಮ್ಮನಾಗುತ್ತದೆ. ಅಂಡ ಬಿಡುಗಡೆಯಾಗದು, ಮುಟ್ಟೂ ಬಾರದು. ಹೀಗೇ ಬಹಳ ಕಾಲ ನಡೆದರೆ ಹೆಣ್ಣು ಹಾರ್ಮೋನು ಈಸ್ಟ್ರೋಜನ್ ಸಾಲದೆ ಮೂಳೆ ಬಲ ಕಳೆದುಕೊಳ್ಳುತ್ತದೆ. ಇವರಿಗೆ ಮದ್ದು ಹೊಟ್ಟೆತುಂಬ ಊಟ, ಕಣ್ತುಂಬ ನಿದ್ದೆ.

ತೂಕ ಏರಿದವರ ಕಥೆ ಬೇರೆ. ಇನ್ಸುಲಿನ್ ಹೆಚ್ಚಿ, ಅಂಡಾಶಯದಲ್ಲಿ ಗಂಡು ಹಾರ್ಮೋನು ಹೆಚ್ಚುತ್ತದೆ. ಗದ್ದದ ಮೇಲೆ ಒರಟು ಕೂದಲು, ಕತ್ತಿನ ಹಿಂದೆ ಕಪ್ಪು ಕಂಡರೆ ಪಿಸಿಒಎಸ್ (ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇದೆಯೇ ಎಂದು ತೋರಿಸಿಕೊಳ್ಳಿ. 70 ಕೆಜಿ ಇರುವವರು ಮೂರೂವರೆ ಕೆಜಿ ಇಳಿಸಿದರೂ ಎಷ್ಟೋ ಸಲ ಡೇಟ್ ಹಳಿಗೆ ಬರುತ್ತದೆ. ಹಾಗಂತ ಮದುವೆ ಫೋಟೊಗೋಸ್ಕರ ಒಂದೇ ತಿಂಗಳಲ್ಲಿ ಉಪವಾಸ ಬಿದ್ದರೆ, ಮೇಲೆ ಹೇಳಿದ ಬರಗಾಲಕ್ಕೇ ಬಂದು ನಿಲ್ಲುತ್ತೀರಿ!

ಮೂರು ತಿಂಗಳು ಮುಟ್ಟಾಗದಿದ್ದರೆ, ಏಳು ದಿನ ದಾಟಿದರೂ ನಿಲ್ಲದಿದ್ದರೆ, 15 ತುಂಬಿದರೂ ಮೈನೆರೆಯದಿದ್ದರೆ ಡಾಕ್ಟರ್ ಬಳಿ ಹೋಗಿ. ಗರ್ಭದ ಸಾಧ್ಯತೆ ಇದ್ದರೆ ಕಾಯದೆ ಮೊದಲು ಆ ಟೆಸ್ಟ್. ಥೈರಾಯ್ಡ್, ಎದೆಹಾಲು ತರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ನೋಡಲು ರಕ್ತ ಪರೀಕ್ಷೆ, ಬೇಕಿದ್ದರೆ ಸ್ಕ್ಯಾನಿಂಗ್ ಬರೆಯುತ್ತಾರೆ. ಅದಕ್ಕೂ ಮುಂಚೆ ಮೆಡಿಕಲ್ ಶಾಪಿನಲ್ಲಿ ‘ಡೇಟ್ ಬರುವ ಮಾತ್ರೆ’ ಕೇಳಿ ನುಂಗಬೇಡಿ. ಕ್ಯಾಲೆಂಡರ್‌ನ ಫೋಟೊ ಮೊಬೈಲಿನಲ್ಲಿರಲಿ. ಒಳಗೆ ಕೂತ ಕೂಡಲೇ ಕೇಳುವುದು ಒಂದೇ: ‘ಲಾಸ್ಟ್ ಡೇಟ್ ಯಾವಾಗಮ್ಮಾ?’