ನಮ್ಮ ಮನೆಯ ಉಪ್ಪಿನ ಲೆಕ್ಕ: ತಾಟಿನ ಅಂಚಿನಿಂದ ಶುರು

ಮನೆಯಲ್ಲಿ ಎಷ್ಟು ಉಪ್ಪು ಖರ್ಚಾಗುತ್ತದೆ ಅಂತ ತಿಳಿಯಲು ಚಮಚ ಹಿಡಿದು ಕೂರಬೇಕಿಲ್ಲ. ಪಾಕೀಟು ಒಡೆದ ದಿನ ಅದರ ಮೇಲೆ ಪೆನ್ನಿನಿಂದ ತಾರೀಖು ಬರೆದಿಡಿ, ಸಾಕು. ಅತ್ತೆಗೆ ಬಿಪಿ ಇದೆ ಅಂತ ಗೊತ್ತಾದ ಮೇಲೆ ನಾನು ಮಾಡಿದ ಮೊದಲ ಕೆಲಸ ಇದೇ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಚಹಾ ಚಮಚದಷ್ಟು. ಧಾರವಾಡದ ನಮ್ಮ ಮನೆಯಲ್ಲಿ ಉಣ್ಣುವವರು ನಾಲ್ಕು ಮಂದಿ, ಹಾಗಾಗಿ ತಿಂಗಳಿಗೆ 600 ಗ್ರಾಂ ದಾಟಬಾರದು. ಆದರೆ ಒಂದು ಕಿಲೋ ಪಾಕೀಟು ತಿಂಗಳು ತುಂಬುವ ಮೊದಲೇ ಖಾಲಿ! ತವರಿನ ಉಪ್ಪಿನಕಾಯಿ, ಅಂಗಡಿಯ ಹಪ್ಪಳ, ಚೂಡಾ ಇವೆಲ್ಲ ಆ ಲೆಕ್ಕಕ್ಕೇ ಬರುವುದಿಲ್ಲ.

ಉಪ್ಪಿನ ತೂಕದಲ್ಲಿ ನೂರಕ್ಕೆ ಸುಮಾರು 40 ಭಾಗ ಸೋಡಿಯಂ. ಅದು ಜಾಸ್ತಿಯಾದರೆ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಿಡ್ನಿ ಅದನ್ನು ಹೊರಗೆ ಹಾಕುವವರೆಗೆ ರಕ್ತದ ಪ್ರಮಾಣ ಹೆಚ್ಚಿರುತ್ತದೆ, ನಾಳಗಳ ಮೇಲೆ ಒತ್ತಡ ಬೀಳುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ನಾಳಗಳು ಗಡುಸಾಗುತ್ತವೆ. ಹೃದಯ, ಕಿಡ್ನಿ ಎರಡಕ್ಕೂ ಪೆಟ್ಟು. ಲಕ್ವ ಹೊಡೆಯುವ ಭಯವೂ ಹೆಚ್ಚುತ್ತದೆ. ನೋವೇ ಇರುವುದಿಲ್ಲ ನೋಡಿ, ಅದಕ್ಕೇ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ನಮ್ಮ ಕಡೆಯ ಊಟದಲ್ಲಿ ಒಂದು ಅನುಕೂಲ ಇದೆ. ನಾವು ಜೋಳದ ರೊಟ್ಟಿಗೆ ಉಪ್ಪು ಹಾಕುವುದಿಲ್ಲ. ಹೊಟ್ಟೆ ತುಂಬಿಸುವ ಮುಖ್ಯ ಪದಾರ್ಥವೇ ಸಪ್ಪೆ. ಉಪ್ಪು ಕೂತಿರುವುದು ತಾಟಿನ ಅಂಚಿನಲ್ಲಿ: ಶೇಂಗಾ ಹಿಂಡಿ (ಚಟ್ನಿಪುಡಿ), ರಂಜಕ (ಕೆಂಪು ಮೆಣಸಿನಕಾಯಿ ಚಟ್ನಿ), ಉಪ್ಪಿನಕಾಯಿ, ಉಪ್ಪು ಹಚ್ಚಿ ಒಣಗಿಸಿ ಕರಿದ ಬಾಳಕ ಮೆಣಸಿನಕಾಯಿ. ಪಲ್ಯ ಸಪ್ಪೆ ಮಾಡಿ ಎಲ್ಲರ ಮುಖ ಕೆಡಿಸುವುದಕ್ಕಿಂತ ಅಂಚಿನಿಂದ ಶುರು ಮಾಡುವುದೇ ಸರಿ ಅನ್ನಿಸಿತು.

ಹಿಂಡಿ ಸುಲಭ. ಅದು ಒಣ ಪದಾರ್ಥ, ಕೆಡದಂತೆ ಇಡಲು ಉಪ್ಪು ಬೇಕಿಲ್ಲ. ಪ್ರತಿ ಸಲ ಕುಟ್ಟುವಾಗ ಸ್ವಲ್ಪ ಸ್ವಲ್ಪ ಇಳಿಸಿದೆ. ಬದಲಿಗೆ ಬೆಳ್ಳುಳ್ಳಿ, ಹುರಿದ ಜೀರಿಗೆ, ಹುಣಸೆಹಣ್ಣು ಏರಿಸಿದೆ. ಈಗ ಮೊದಲಿನ ಅರ್ಧದಷ್ಟೇ ಉಪ್ಪು, ಯಾರೂ ಕೇಳಿಲ್ಲ. ರಂಜಕದ ಮಾತೇ ಬೇರೆ. ಹಸಿ ಕೆಂಪು ಮೆಣಸಿನಕಾಯಿ ಅರೆದು ಇಡುವಾಗ ಅದನ್ನು ಕಾಯುವುದೇ ಉಪ್ಪು. ಕಡಿಮೆ ಹಾಕಿದರೆ ಬೂಸರು ಹಿಡಿಯುತ್ತದೆ. ಉಪ್ಪಿನಕಾಯಿಯೂ ಹಾಗೆಯೇ. ಅದಕ್ಕೆ ಭರಣಿಯಲ್ಲಿ ಕೈ ಮಾಡಲಿಲ್ಲ, ಬಡಿಸುವುದನ್ನು ಬದಲಾಯಿಸಿದೆ. ಒಂದು ಬಟ್ಟಲು ಉಪ್ಪಿಲ್ಲದ ಗಟ್ಟಿ ಮೊಸರಿಗೆ ಒಂದೇ ಚಮಚ ರಂಜಕ ಕಲಸಿ ಎಲ್ಲರಿಗೂ ಹಂಚುತ್ತೇನೆ. ಖಾರ ಸಿಗುತ್ತದೆ, ರೊಟ್ಟಿಗೂ ಒಪ್ಪುತ್ತದೆ. ಬಾಳಕ ಹಬ್ಬಕ್ಕೆ ಮಾತ್ರ.

ಪಲ್ಯಕ್ಕೆ ಈಗ ಒಗ್ಗರಣೆಯಲ್ಲೇ ಉಪ್ಪು ಸುರಿಯುವುದಿಲ್ಲ. ಇಳಿಸುವ ಹೊತ್ತಿಗೆ ಹಾಕುತ್ತೇನೆ. ಮೇಲೆ ಉಳಿದ ಉಪ್ಪು ನಾಲಿಗೆಗೆ ಬೇಗ ತಾಗುತ್ತದೆ, ಕಡಿಮೆಯೇ ಸಾಕಾಗುತ್ತದೆ. ಮೊದಮೊದಲು ಮಗ ಗೊಣಗಿದ್ದು ನಿಜ. ಆದರೆ ನಾಲಿಗೆ ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ಈಗ ಖಾನಾವಳಿಯಲ್ಲಿ ಉಂಡರೆ ಅವನೇ ‘ಉಪ್ಪುಪ್ಪು’ ಅನ್ನುತ್ತಾನೆ.

ಹುಬ್ಬಳ್ಳಿಗೆ ಹೋದರೆ ದುರ್ಗದಬೈಲಿನಲ್ಲಿ ಮಂಡಕ್ಕಿಯ ಗಿರ್ಮಿಟ್, ಮಿರ್ಚಿ ಭಜಿ ಬಿಟ್ಟು ಬರಲು ಯಾರಿಗೆ ಮನಸ್ಸಾಗುತ್ತದೆ, ಅಲ್ವಾ? ನಾವೂ ಬಿಟ್ಟಿಲ್ಲ. ಮಂಡಕ್ಕಿಗೆ ಹುರಿಯುವ ಮೊದಲೇ ಉಪ್ಪು ಹಚ್ಚಿರುತ್ತಾರೆ, ಮಿರ್ಚಿ ಹಿಟ್ಟಿಗೆ ಬೀಳುವ ಸೋಡಾದಲ್ಲೂ ಸೋಡಿಯಂ ಇದೆ. ಅವತ್ತು ರಾತ್ರಿ ಮನೆಯಲ್ಲಿ ರೊಟ್ಟಿ, ಹಾಲು, ಹಸಿ ಸೌತೆಕಾಯಿ ಅಷ್ಟೇ. ಪಾಕೀಟಿನ ತಿಂಡಿ ತಂದರೆ ಹಿಂದೆ ತಿರುಗಿಸಿ ಸೋಡಿಯಂ ಎಷ್ಟು ಮಿಲಿಗ್ರಾಂ ಅಂತ ನೋಡಿ ಎರಡೂವರೆಯಿಂದ ಗುಣಿಸುತ್ತೇನೆ. 800 ಅಂತ ಇದ್ದರೆ 2 ಗ್ರಾಂ ಉಪ್ಪು.

ಸೈಂಧವ ಉಪ್ಪು ತಿಂದರೆ ಬಿಪಿ ಏರುವುದಿಲ್ಲ ಅಂತ ನೆಂಟರು ಹೇಳಿದರು. ಇದು ಸುಮ್ನೆ ಮಾತು. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಮೇಲಾಗಿ ಅದಕ್ಕೆ ಎಷ್ಟೋ ಸಲ ಅಯೋಡಿನ್ ಹಾಕಿರುವುದಿಲ್ಲ. ಕಡಿಮೆ ಸೋಡಿಯಂ ಉಪ್ಪು ಅಂತ ಇನ್ನೊಂದು ಸಿಗುತ್ತದೆ, ಅದರಲ್ಲಿ ಸ್ವಲ್ಪ ಭಾಗ ಪೊಟ್ಯಾಸಿಯಂ ಇರುತ್ತದೆ. ಚೀನಾದ 600 ಹಳ್ಳಿಗಳಲ್ಲಿ ಇದನ್ನು ಕೊಟ್ಟು ನೋಡಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅಲ್ಲಿ ಲಕ್ವ ಹೊಡೆಯುವುದು ನೂರಕ್ಕೆ 14ರಷ್ಟು ಕಡಿಮೆಯಾಗಿತ್ತು. ಒಳ್ಳೆಯದೇ. ಆದರೆ ಅತ್ತೆಯ ಕಿಡ್ನಿ ಸ್ವಲ್ಪ ದುರ್ಬಲ, ಡಾಕ್ಟರು ಬೇಡ ಅಂದರು. ಕಿಡ್ನಿ ಸರಿಯಿಲ್ಲದವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತಕ್ಕೇ ಅಪಾಯ. ಕೆಲವು ಬಿಪಿ ಮಾತ್ರೆಗಳೂ ಅದನ್ನು ಏರಿಸುತ್ತವೆ. ಕೇಳದೆ ಕೊಳ್ಳಬೇಡಿ.

ಉಪ್ಪು ಪೂರ್ತಿ ಬಿಡಿಸಲೂ ಹೋಗಬೇಡಿ. ವಯಸ್ಸಾದವರು ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಸೋಡಿಯಂ ತೀರಾ ಇಳಿದು ತಲೆಸುತ್ತು, ಗೊಂದಲ ಆಗಬಹುದು. ದಿನಕ್ಕೆ 4 ಗ್ರಾಂನಷ್ಟು ಉಪ್ಪು ಇಳಿಸಿದರೆ ಬಿಪಿ ಇರುವವರಲ್ಲಿ ಮೇಲಿನ ಅಂಕಿ ಸರಾಸರಿ 5ರಷ್ಟು ಇಳಿಯುತ್ತದೆ. ಇದು ಮಾತ್ರೆಗೆ ಜೊತೆ, ಬದಲಿ ಅಲ್ಲ. ಅತ್ತೆಯ ಮಾತ್ರೆ ಹಾಗೇ ನಡೆದಿದೆ. ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂರಿಸಿ, ತೋಳನ್ನು ಎದೆಯ ಮಟ್ಟಕ್ಕೆ ಇಡಿಸಿ, ಅಂಕಿಯನ್ನು ವಹಿಯಲ್ಲಿ ಬರೆಯುತ್ತೇನೆ.

ಬೇಸಿಗೆ ಬಂದರೆ ಸಂಡಿಗೆ ಕೆಲಸ. ಹಸಿ ಹಿಟ್ಟಿನ ರುಚಿ ನೋಡಿ ಉಪ್ಪು ಹಾಕಬಾರದು, ನೀರು ಆರಿದ ಮೇಲೆ ಉಪ್ಪೆಲ್ಲ ಅಲ್ಲೇ ಉಳಿದು ಕಟುವಾಗುತ್ತದೆ. ಹಸಿಯಲ್ಲಿ ಸಪ್ಪೆ ಅನ್ನಿಸಬೇಕು. ಮೊದಲು ನಾಲ್ಕೈದು ಸಂಡಿಗೆ ಒಣಗಿಸಿ, ಕರಿದು, ಅತ್ತೆಗೆ ತಿನ್ನಲು ಕೊಟ್ಟು, ಆಮೇಲೆ ಉಳಿದ ಹಿಟ್ಟಿಗೆ ಕೈ ಹಾಕುತ್ತೇನೆ.